ಫ್ಲಾಪಿಗೆ ಇನ್ನೊಂದು ಬಿಸಿಲು

ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇಂದಿಗೂ ದೋಣಿಗಲ್ ಊರಿನ ನಮ್ಮ ಕಾಫಿ ಕಣ ನೆನಪಾಗುತ್ತದೆ. ತೀರಿಕೊಂಡ ಅಮ್ಮನ ಒಂದೇ ಒಂದು ಫೋಟೊವನ್ನು ಗೆದ್ದಲು ತಿಂದಿತ್ತು. ಅದರ ಪ್ರತಿ ಉಳಿದಿದ್ದು ಚಿಕ್ಕಪ್ಪನ ಕಂಪ್ಯೂಟರ್ ಫ್ಲಾಪಿಯಲ್ಲಿ ಮಾತ್ರ.

“ಥಂಡಿ ತಾಗಿ ಬೂಷ್ಟು ಹಿಡಿದ್ರೆ ಇದು ಹಾಳಾಗ್ಬುಡ್ತದೆ ಕಣವ್ವ,” ಎಂದು ಅದನ್ನು ಅಜ್ಜಿಯ ಕೈಗೆ ಕೊಟ್ಟು ಚಿಕ್ಕಪ್ಪ ಪೇಟೆಗೆ ಹೋದ. ಅಜ್ಜಿ ಅದನ್ನು ಕಣದಲ್ಲಿ ಒಣಗುತ್ತಿದ್ದ ಕಾಫಿಯ ಜೊತೆ ಬಿಸಿಲಿಗೆ ಹಾಕಿದಳು. ಅರ್ಧ ಗಂಟೆಗೊಮ್ಮೆ ಕಾಫಿ ಕೈಯಾಡಿಸುವುದು ನನ್ನ ಕೆಲಸ. ಗಡಿಯಾರ ನೋಡಿಕೊಂಡು ಫ್ಲಾಪಿಯನ್ನೂ ತಪ್ಪದೆ ಮಗುಚಿದೆ.

ಸಂಜೆ ಚಿಕ್ಕಪ್ಪ ಎಷ್ಟು ಸಲ ಹಾಕಿದರೂ ಕಂಪ್ಯೂಟರ್ ಅದನ್ನು ಓದಲಿಲ್ಲ.

“ಕಾಫಿ ಬೀಜ ಅಂದ್ಕೊಂಡ್ಯೇನವ್ವ? ಎಲ್ಲ ಹೋಗ್ಬುಡ್ತು,” ಎಂದು ತಲೆ ಹಿಡಿದು ಕುಳಿತ.

ಅಜ್ಜಿ ಫ್ಲಾಪಿಯನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟಳು. “ಇನ್ನೊಂದು ಬಿಸಿಲು ಬೇಕಿತ್ತೇನೋ ಮಗ. ನಾಳೆ ಬೆಳಿಗ್ಗೆನೇ ಹಾಕ್ಬುಡು.”

ಮರುದಿನವೂ ಅರ್ಧ ಗಂಟೆಗೊಮ್ಮೆ ಮಗುಚಿದೆ.