ಒಂದು ಕರಿ, ಒಂದು ಬಿಳಿ

ನನ್ನ ಮೊಮ್ಮಗಳು ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದಿದ್ದಾಳೆ! ಬೆಳಗ್ಗೆಯಿಂದ ಬೀದಿಗೆಲ್ಲ ಸಕ್ಕರೆ ಹಂಚಿ ನನ್ನ ಕಾಲು ಸೋತಿವೆ, ಬಾಯಿ ಮಾತ್ರ ಸೋತಿಲ್ಲ. ಪರೀಕ್ಷೆಗೆ ಬಂದಿದ್ದ ಕವಲಿನ ಚಿತ್ರವನ್ನು ಅವಳು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು, ಚೌಕಾಬಾರದ ಎರಡು ಹುಣಸೆಬೀಜ ಉರುಳಿಸಿ ತೋರಿಸಿದಳು. ಮೊದಲ ಬೀಜಕ್ಕೆ ಕರಿ, ಬಿಳಿ ಎಂದು ಎರಡು ಕವಲು, ಒಂದೊಂದರಿಂದ ಮತ್ತೆರಡು.

“ನೋಡಜ್ಜಿ, ಎರಡೂ ಬಿಳಿ ಬೀಳಕ್ಕೆ ಒಂದೇ ದಾರಿ, ಎರಡೂ ಕರಿಗೂ ಒಂದೇ. ಒಂದು ಕರಿ ಒಂದು ಬಿಳಿಗೆ ಎರಡು ದಾರಿ ಕಣಜ್ಜಿ!”

ನಾನು ಅವಳಿಗಿಂತ ಚಿಕ್ಕವಳಿದ್ದಾಗ, ದುದ್ದದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ ಅಪ್ಪ ಇಂಥವೇ ಎರಡು ಬೀಜ ಹಿಡಿದು ಕೂತಿದ್ದ. ಎರಡರದ್ದೂ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದ. ಮೂವರು ಮಕ್ಕಳಲ್ಲಿ ಒಬ್ಬರನ್ನು ಮಾತ್ರ ಮಂಡ್ಯದ ದೊಡ್ಡ ಸ್ಕೂಲಿಗೆ ಕಳಿಸುವುದಾಗಿತ್ತು. ಅಳುವ ನಮ್ಮನ್ನು ಕಂಡು ಅಪ್ಪನಿಗೆ ಸಾಕಾಗಿತ್ತು.

“ಎರಡೂ ಬಿಳಿ ಬಿದ್ರೆ ನೀನು, ಎರಡೂ ಕರಿ ಬಿದ್ರೆ ನಿನ್ನ ತಂಗಿ, ಒಂದೊಂದು ಬಿದ್ರೆ ನಿಮ್ಮಣ್ಣ. ಮೂರು ಜನಕ್ಕೂ ಸಮ ಕಣಮ್ಮ. ಆಮೇಲೆ ಅಳಂಗಿಲ್ಲ,” ಎಂದ.

ಬೀಜಗಳು ಸಗಣಿ ಸಾರಿಸಿದ ನೆಲದಲ್ಲಿ ಉರುಳಿ ನಿಂತವು. ಒಂದು ಕರಿ, ಒಂದು ಬಿಳಿ. ಅಣ್ಣ ಕುಣಿದ.

“ಬುಡಮ್ಮ, ದೇವ್ರು ಆಕಿದ್ದು,” ಎಂದು ಅಪ್ಪ ನನ್ನ ತಲೆ ಸವರಿದ.

ಸಂಜೆ ಎಲ್ಲರೂ ಸಾಲಾಗಿ ಕೂತು ಮುದ್ದೆ, ಹುರುಳಿ ಸಾರು ಉಂಡೆವು. ಅವ್ವ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, “ಸೆಂದಾಗಿ ಉಣ್ಣು. ನಾಳೆಯಿಂದ ನೀನೂ ಕಬ್ಬಿನ ಗದ್ದೆಗೆ ಬರ್ಬೇಕಲ್ಲ,” ಎಂದಳು.