ತಮಟೆ ನಿಲ್ಲುವ ಜಾಗ

ವಸಂತ ಸಂಗೀತೋತ್ಸವದ ಆಹ್ವಾನಪತ್ರಿಕೆಯಲ್ಲಿ ವೀಣೆ, ಸಿತಾರ್, ಗಜಲ್ ಎಲ್ಲವೂ ಇದ್ದವು. ‘ವೈವಿಧ್ಯ’ ಎಂಬ ಪದವೇ ಮೂರು ಕಡೆ ಅಚ್ಚಾಗಿತ್ತು. ಕೊನೆಯ ಸಾಲಿನಲ್ಲಿ ಮಾದಮ್ಮನ ತಮಟೆ ತಂಡ. ಆರು ಹೆಂಗಸರೊಡನೆ ಬಂದ ಅವಳನ್ನು ಕಾರ್ಯದರ್ಶಿ ಗೇಟಿನಲ್ಲೇ ತಡೆದರು.

“ಒಳಗಲ್ಲಮ್ಮ. ಸರ್ಕಲ್‌ನಿಂದ ಈ ಗೇಟಿನ ತನಕ ಬಾರಿಸ್ಕೊಂಡು ಅತಿಥಿಗಳನ್ನ ಕರ್ಕೊಂಡು ಬಾ, ಸಾಕು.”

“ಸ್ಟೇಜ್ ಮ್ಯಾಲೆ ಅಂತ ಕಾಗ್ದದಾಗೈತಲ್ಲ ಸಾಮಿ. ಹತ್ತೇ ನಿಮಿಷ.”

“ಒಳಗೆ ಕೂತಿರೋರು ರಸಿಕರು ಕಣಮ್ಮ. ಅವರಿಗಿರೋದು ಒಂದೇ ಜೊತೆ ಕಿವಿ.”

“ಮತ್ತೆ ನಮ್ದು ಯಾರು ಕೇಳ್ತಾರೆ?”

“ರಸ್ತೆ ಕೇಳುತ್ತೆ, ಹೋಗು.”

ಸರ್ಕಲ್‌ನಲ್ಲಿ ಅದೇ ಕಾರ್ಯದರ್ಶಿ ಹಾರ ಹಾಕಿಸಿಕೊಂಡ ಅತಿಥಿಗಳಿಗೆ ಕೈಮುಗಿದು ವಿವರಿಸಿದರು: “ನಮ್ಮ ಹಿರಿಯರ ಸಂಪ್ರದಾಯ. ತಮಟೆ ಮುಂದೆ, ನಾವು ಹಿಂದೆ. ತಮಟೆ ನಿಲ್ಲೋ ತನಕ ಯಾರೂ ನಿಲ್ಲಬಾರದು, ಹಿಂದಕ್ಕೂ ತಿರುಗಬಾರದು. ಮಹಾ ಅಪಶಕುನ!”

ಪೇಟ ತೊಟ್ಟ ತಲೆಗಳು ಭಕ್ತಿಯಿಂದ ಆಡಿದವು. ಮಾದಮ್ಮ ಎಲ್ಲವನ್ನೂ ಕೇಳಿಸಿಕೊಂಡು ತಮಟೆ ಬಾರಿಸತೊಡಗಿದಳು.

ಗೇಟು ಬಂತು. ಗೇಟು ಹಿಂದಾಯಿತು.

“ಏಯ್, ನಿಲ್ಸಮ್ಮ!” ಎಂದು ಕಾರ್ಯದರ್ಶಿ ಕೂಗಿದ್ದು ಏಳು ತಮಟೆಗಳ ಸದ್ದಿನಲ್ಲಿ ಅವರಿಗೇ ಕೇಳಿಸಲಿಲ್ಲ. ಅಪಶಕುನಕ್ಕೆ ಹೆದರಿದ ಅತಿಥಿಗಳು ರೇಷ್ಮೆ ಪಂಚೆ ಎತ್ತಿ ಹಿಡಿದು ಸಂತೆಮಾಳ ದಾಟಿದರು, ಕೊಚ್ಚೆ ಮೋರಿಯನ್ನೂ ದಾಟಿದರು. ಊರಲ್ಲಿದ್ದೂ ಯಾವತ್ತೂ ಕಾಲಿಡದ ಕೇರಿಯೊಳಗೆ ಸಾಲಾಗಿ ನಡೆದರು.

ತಮಟೆ ನಿಂತದ್ದು ಮಾದಮ್ಮನ ಮನೆಯ ಮುಂದೆ.

ಅವಳು ಅಂಗಳದಲ್ಲಿ ಚಾಪೆ ಬಿಡಿಸಿದಳು. “ಕುಂತ್ಕಳಿ ಸಾಮಿ. ಹತ್ತೇ ನಿಮಿಷ.”