ಮನೆ ಮಾತು

ಕುಸುಮ್ ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಎರಡೂ ಕೈ ಎತ್ತಿ ಒಬ್ಬಳೇ ನಿಂತಿದ್ದಳು. ತಡೆಯುವವರು ಯಾರೂ ಇರಲಿಲ್ಲ. ಚೆಂಡು ರೋಶನಿಯ ಕೈಯಲ್ಲಿತ್ತು. ಅವಳು ಕುಸುಮಳನ್ನು ನೋಡಿದಳು, ನೋಡಿಯೂ ದೂರದಿಂದ ತಾನೇ ಎಸೆದಳು. ಚೆಂಡು ಕಬ್ಬಿಣದ ಬಳೆಗೆ ಬಡಿದು ಹೊರಗೆ ಹಾರಿತು, ಪಂದ್ಯ ಮುಗಿದ ಸೀಟಿ ಮೊಳಗಿತು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಒಂದು ಪಂದ್ಯವನ್ನೂ ಸೋಲದ ತಂಡ, ಗಂಗೆಯ ದಂಡೆಯ ಊರಿನ ಕಂಟೋನ್ಮೆಂಟಿನ ಆ ಸಿಮೆಂಟ್ ಅಂಗಳದಲ್ಲಿ ಸತತವಾಗಿ ನಾಲ್ಕನೆಯ ಸಲ ಸೋತಿತ್ತು. ೨೦೦೬ರ ಫೆಬ್ರವರಿ. ಭಾನುವಾರದಿಂದ ನಾಕೌಟ್.

ನಾಯಕಿ ಸಾತ್ವಿಕಾಳಿಗೆ ಮೈಯೆಲ್ಲ ಉರಿದುಹೋಯಿತು. ನಡು ಅಂಗಳದಿಂದ ಚೆಂಡನ್ನು ತಂದು ಉಳಿದವರಿಗೆ ಹಂಚುವುದು ಅವಳ ಕೆಲಸ. ಕೆಲವು ದಿನಗಳಿಂದ ಅವಳು ಹಂಚಿದ ಚೆಂಡು ಯಾರ ಕೈ ಸೇರಿದರೂ ಅಲ್ಲಿಂದ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

“ಕಣ್ಣು ಕಾಣಲ್ವಾ ನಿನಗೆ? ಕುಸುಮ್ ಅಲ್ಲೇ ನಿಂತಿದ್ದಳಲ್ಲ!” ಎಂದು ಹಿಂದಿಯಲ್ಲಿ ರೋಶನಿಯ ಮೇಲೆ ಎಗರಿದಳು.

“ಕಂಡಳು. ಅವಳಿಗೆ ಪಾಯಿಂಟೂ ಕೊಟ್ಟು, ನೌಕರಿಯನ್ನೂ ಅವಳಿಗೇ ಬಿಟ್ಟುಕೊಡಲಾ?”

“ಯಾವ ನೌಕರಿ?”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕೊನೆಗೆ ಕುಸುಮಳೇ ಹೇಳಿದಳು. ರೈಲ್ವೆಯ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಜಾಗ ಇದೆಯಂತೆ. ಯಾರು ಹೆಚ್ಚು ಪಾಯಿಂಟ್ ಹೊಡೆಯುತ್ತಾರೋ ಅವರ ಹೆಸರನ್ನು ದಾನಯ್ಯ ಸರ್ ಕಳಿಸುತ್ತಾರಂತೆ. “ನಿನಗೆ ಹೇಳಿರಲಿಕ್ಕಿಲ್ಲ. ಪಂಡಿತರ ಮಗಳು, ನಿನಗೆ ನೌಕರಿ ಯಾಕೆ? ನಾನು ಮಾತ್ರ ಅದನ್ನೇ ನಂಬಿ ಗಾಜೀಪುರದ ಸಂಬಂಧ ಬೇಡ ಅಂದೆ. ಅವತ್ತಿನಿಂದ ಬಾಪೂ ನನ್ನ ಜೊತೆ ಮಾತಾಡಿಲ್ಲ.”

ದಾನಯ್ಯನವರು ಅಂಗಳದ ಅಂಚಿನಲ್ಲಿ ಮಣ್ಣಿನ ಕುಲ್ಹಡ್ ಹಿಡಿದು ಚಹಾ ಕುಡಿಯುತ್ತಿದ್ದರು. ಹುಬ್ಬಳ್ಳಿ ಕಡೆಯವರು. ರೈಲ್ವೆ ಕಚೇರಿಗೆ ವರ್ಗವಾಗಿ ಬಂದವರು ಸಂಜೆ ಹೊತ್ತು ಈ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಸಾತ್ವಿಕಾಳ ತಂದೆ ಬದರೀನಾರಾಯಣ ಭಟ್ಟರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗೆಯ ದಂಡೆಯಲ್ಲಿ ಶ್ರಾದ್ಧಕರ್ಮ ಮಾಡಿಸುವವರು. ಹಬ್ಬ ಬಂತೆಂದರೆ ದಾನಯ್ಯನವರ ಊಟ ಭಟ್ಟರ ಮನೆಯಲ್ಲೇ.

ಸಾತ್ವಿಕಾ ನೇರ ಅವರೆದುರು ಹೋಗಿ ನಿಂತು ಕನ್ನಡದಲ್ಲಿ ಕೇಳಿದಳು. “ಆ ನೌಕರಿ ವಿಷಯ ನಿಜಾನಾ ಸರ್?”

“ನಿಜ ಎಲ್ಲಿಂದವಾ! ಈ ವರ್ಷ ಜಾಗಾನ ಇಲ್ಲ,” ಎಂದು ದಾನಯ್ಯನವರು ದನಿಯನ್ನೂ ತಗ್ಗಿಸದೆ ಅಂದರು. ಸುತ್ತಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. “ಗೆದ್ದು ಗೆದ್ದು ಹುಡುಗ್ಯಾರು ಸಡ್ಲ ಬಿದ್ದಿದ್ರು. ಹುರುಪು ಬರ್ಲಿ ಅಂತ ಒಂದು ಮಾತು ಒಗದೆ.”

“ಹುರುಪಾ? ಒಬ್ಬರಿಗೊಬ್ಬರು ಚೆಂಡೇ ಕೊಡ್ತಿಲ್ಲ! ಕುಸುಮ್ ಮದುವೆ ಸಂಬಂಧ ಬಿಟ್ಟಿದಾಳೆ, ಗೊತ್ತಾ ನಿಮಗೆ?”

“ಅದಕ್ಕ ಹೇಳಾಕತ್ತೀನಿ, ಈಗ ಬಾಯಿ ಬಿಡಬ್ಯಾಡ. ಗೊತ್ತಾದ್ರ ಆಕಿ ಭಾನುವಾರ ಬರೂದಿಲ್ಲ. ಆಕಿ ಇಲ್ಲಂದ್ರ ಟೀಮ್ ಮುಗೀತು. ನೀ ನಮ್ಮಾಕಿ ಅಂತ ನಿನಗಷ್ಟ ಹೇಳೀನಿ.”

ಏನು ಮಾತೆಂದು ತಿಳಿಯದೆ ಕುಸುಮ್ ಹತ್ತಿರ ಬಂದಳು. “ಕ್ಯಾ ಬೋಲ್ ರಹೇ ಹೈಂ, ಸರ್?”

“ಕುಛ್ ನಹೀಂ. ಘರ್ ಕೀ ಬಾತ್ ಹೈ,” ಎಂದು ದಾನಯ್ಯನವರು ನಕ್ಕರು. ಮನೆ ಮಾತಂತೆ!

ಆ ನಗುವಿಗೆ ಸಾತ್ವಿಕಾಳ ಸಿಟ್ಟು ನೆತ್ತಿಗೇರಿತು. ತನ್ನ ತಾಯಿಯ ಭಾಷೆಯನ್ನು ಈ ಮನುಷ್ಯ ಸುಳ್ಳು ಬಚ್ಚಿಡುವ ಮೂಲೆ ಮಾಡಿಕೊಂಡಿದ್ದಾನೆ, ಕಾವಲಿಗೆ ತನ್ನನ್ನು ನಿಲ್ಲಿಸುತ್ತಿದ್ದಾನೆ ಅನ್ನಿಸಿತು. ಅವಳು ಹುಡುಗಿಯರ ಕಡೆ ತಿರುಗಿ, ದಾನಯ್ಯನವರು ಆಡಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹಿಂದಿಯಲ್ಲಿ ಹೇಳಿಬಿಟ್ಟಳು. “ಏ ಹುಡುಗಿ, ಏ!” ಎಂದು ದಾನಯ್ಯನವರು ಕೈ ಅಡ್ಡ ಹಿಡಿದರೂ ನಿಲ್ಲಿಸಲಿಲ್ಲ.

ಕುಸುಮ್ ಕೂಗಾಡಲಿಲ್ಲ. “ಝೂಠ್ ಥಾ, ಸರ್?” ಎಂದು, ಸುಳ್ಳಾಗಿತ್ತಾ ಎಂದಷ್ಟೇ ಕೇಳಿದಳು. ದಾನಯ್ಯನವರು ಕುಲ್ಹಡಿನೊಳಗೆ ನೋಡಿದರು. ಅವಳು ಸಾತ್ವಿಕಾಳ ಕಡೆ ತಿರುಗಿದಳು.

“ನೀನೂ ಅದೇ ಭಾಷೆಯವಳಲ್ಲವಾ? ವರ್ಷವಿಡೀ ನಮ್ಮೆದುರಿಗೇ ನೀವಿಬ್ಬರು ಏನೇನು ಮಾತಾಡಿಕೊಂಡಿರೋ, ನಮಗೇನು ಗೊತ್ತು?”

ಕುಸುಮ್ ಸೈಕಲ್ ಹತ್ತಿ, ಗಂಗೆಯಾಚೆ ರಾಮನಗರದ ತನ್ನ ಮನೆಯ ದಾರಿ ಹಿಡಿದೇಬಿಟ್ಟಳು. ಸಾತ್ವಿಕಾ ನೆನಪು ಮಾಡಿಕೊಂಡಳು. ದಾನಯ್ಯನವರೂ ತಾನೂ ಆಡಿಕೊಂಡಿದ್ದೇನು? ಹೋಳಿಗೆಯ ಮಾತು, ಊರಿನ ಮಾತು, ಅಜ್ಜಿಯ ಮಂಡಿನೋವಿನ ಮಾತು. ಇನ್ನು ಅದನ್ನು ಹೇಳಿದರೆ ಯಾರು ನಂಬುತ್ತಾರೆ?

ಭಾನುವಾರ ಕುಸುಮ್ ಎಲ್ಲರಿಗಿಂತ ತಡವಾಗಿ ಬಂದಳು. ಶೂ ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಅಂದಳು: “ಆಡೋಕೆ ಬಂದಿದೀನಿ. ಯಾರ ಜೊತೆಗೂ ಮಾತಿಲ್ಲ.”

ಕಿತ್ತಾಡಲು ಈಗ ನೌಕರಿಯೂ ಇರಲಿಲ್ಲ. ಪಂದ್ಯ ಶುರುವಾದದ್ದೇ ಚೆಂಡು ಕೈಯಿಂದ ಕೈಗೆ ಓಡಿತು. ರೋಶನಿ ಎದೆಗೆ ಹೊಡೆಯುವವಳಂತೆ ಕುಸುಮಳತ್ತ ಎಸೆದಳು. ಕುಸುಮ್ ಅದನ್ನು ಕಿತ್ತುಕೊಂಡವಳಂತೆ ಹಿಡಿದು ಬುಟ್ಟಿಗೆ ಹಾಕಿದಳು. ಮತ್ತೆ ಎಸೆತ, ಮತ್ತೆ ಬುಟ್ಟಿ. ಎದುರಿನ ತಂಡದವರು ತಾವೇನು ತಪ್ಪು ಮಾಡಿದೆವೆಂದು ತಿಳಿಯದೆ ಹಿಂದೆ ಹಿಂದೆ ಸರಿದರು. ಸಾತ್ವಿಕಾಳ ತಂಡದವರು ಭಾರಿ ಅಂತರದಲ್ಲಿ ಗೆದ್ದರು. ಗೆದ್ದ ಮೇಲೂ ಒಬ್ಬರನ್ನೊಬ್ಬರು ತಬ್ಬಲಿಲ್ಲ. ಬಾಟಲಿಯ ನೀರನ್ನು ತಲೆಯ ಮೇಲೆ ಸುರಿದುಕೊಂಡು ಬೇರೆ ಬೇರೆ ನಿಂತರು.

ದಾನಯ್ಯನವರು ಪೇಡೆಯ ಡಬ್ಬಿ ಹಿಡಿದು ಸಾತ್ವಿಕಾಳ ಬಳಿ ಬಂದರು. ಮುಖ ಅರಳಿತ್ತು.

“ನೋಡಿದ್ಯಾ? ಸಿಟ್ಟು ಬಂದ ಮ್ಯಾಲ ಹೆಂಗ ಆಡಿದ್ರಿ! ಸುಳ್ಳಾದ್ರೂ ನನ್ನ ಮಾತು ಕೆಲಸಕ್ಕ ಬಂತಿಲ್ಲೋ?”

ಸಾತ್ವಿಕಾ ಡಬ್ಬಿಯನ್ನು ಮುಟ್ಟಲಿಲ್ಲ. ಅಂಗಳದ ಆಚೆ ತುದಿಗೂ ಕೇಳುವ ಹಾಗೆ ಹಿಂದಿಯಲ್ಲಿ ಅಂದಳು:

“ಈ ಮಾತನ್ನ ಹಿಂದಿಯಲ್ಲಿ ಹೇಳಿ ಸರ್. ಕುಸುಮ್ ಇಲ್ಲೇ ನಿಂತಿದಾಳೆ.”